ನಾನು ತೆಂಗಿನ ಗರಿ ಆಯ್ದ ಚಳಿಗಾಲ

ಪಕ್ಕದ ಮನೆಯವರಿಗೆ ಸೊನ್ನೆ ಬಿಲ್ ಬಂದಿರದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ನಾವಿರುವುದು ಚಾಮರಾಜಪೇಟೆಯ ಒಂದು ಹಳೆಯ ಮನೆಯಲ್ಲಿ. ತಾತ ಕಟ್ಟಿಸಿದ್ದು. ಅಮ್ಮ, ಹೆಂಡತಿ, ಡಿಗ್ರಿ ಓದುತ್ತಿರುವ ಮಗಳು ಮತ್ತು ನಾನು, ಇಷ್ಟೇ ಜನ. ಹೆಂಡತಿ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ನಾನು ಶೇಷಾದ್ರಿಪುರಂನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ಮೀಟರ್ ನೋಡುವವರು ಬಂದು ಬಿಲ್ ಹರಿದು ಕೈಗೆ ಕೊಟ್ಟರು. ಅದೇ ಹೊತ್ತಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಕೈಯೂರಿಕೊಂಡು, "ನಮ್ದು ಈ ಸಲಾನೂ ಸೊನ್ನೆ ಸಾರ್. ನಿಮ್ದೆಷ್ಟು?" ಅಂದರು. ಸರ್ಕಾರದವರು ಒಂದು ಮಿತಿಯೊಳಗೆ ಕರೆಂಟು ಬಳಸಿದವರಿಗೆ ಬಿಲ್ಲೇ ಇಲ್ಲ ಅಂತ ಮಾಡಿದ ಮೇಲೆ ನಮ್ಮ ಬೀದಿಯಲ್ಲಿ ಆರೋಗ್ಯ ವಿಚಾರಿಸುವುದಕ್ಕಿಂತ ಮುಂಚೆ ಬಿಲ್ ವಿಚಾರಿಸುವುದು ರೂಢಿಯಾಗಿಬಿಟ್ಟಿತ್ತು. ನಾನು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡು, "ನಮ್ದೂ ಹೆಚ್ಚು ಕಮ್ಮಿ ಹಂಗೇ" ಅಂದೆ. ಮೀಟರ್ ನೋಡುವವರು ಪ್ರಾಮಾಣಿಕ ಮನುಷ್ಯ. "ಇಲ್ಲ ಸಾರ್, ನಿಮ್ದು ಲಿಮಿಟ್ ದಾಟಿದೆ. ಪೂರ್ತಿ ಕಟ್ಬೇಕು" ಅಂದು ಮುಂದಿನ ಮನೆಗೆ ಹೋದರು. ಪಕ್ಕದ ಮನೆಯವರು "ಅಯ್ಯೋ ಪಾಪ" ಅಂದರು. ಆ "ಪಾಪ" ನನಗೆ ಸಂಜೆಯವರೆಗೂ ಜೀರ್ಣವಾಗಲಿಲ್ಲ.

ಅವತ್ತು ಊಟಕ್ಕೆ ಕೂತಾಗ ನಾನು ವಿಚಾರಣೆ ಶುರು ಮಾಡಿದೆ. ಫ್ರಿಜ್ಜಿನದು ತಪ್ಪಿಲ್ಲ, ಮಿಕ್ಸಿಯದು ತಪ್ಪಿಲ್ಲ, ಅಮ್ಮನ ಟೀವಿಯನ್ನು ಮುಟ್ಟುವ ಧೈರ್ಯ ನನಗಿಲ್ಲ. ಉಳಿದದ್ದು ಗೀಜರ್. "ಒಬ್ಬೊಬ್ಬರು ಅರ್ಧರ್ಧ ಗಂಟೆ ಸ್ನಾನ ಮಾಡಿದ್ರೆ ಇನ್ನೇನಾಗುತ್ತೆ?" ಅಂತ ಮಗಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡದೆ ಸಾರು ಬಡಿಸಿಕೊಂಡಳು. ಹೆಂಡತಿ, "ಗೀಜರ್ ಹಾಕಿ ಮರೆಯೋರು ಯಾರು ಅಂತಾನೂ ಸ್ವಲ್ಪ ನೋಡಿ" ಅಂದಳು. ತೀರ್ಪು ಕೊಡುವ ಭರದಲ್ಲಿದ್ದ ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನಾಳೆಯಿಂದ ಹಂಡೆ ಒಲೆಯಲ್ಲೇ ನೀರು ಕಾಯಿಸುವುದು ಅಂತ ಘೋಷಿಸಿದೆ.

ನಮ್ಮ ಬಚ್ಚಲುಮನೆ ಹಿತ್ತಲಿನಲ್ಲಿದೆ. ಅಲ್ಲಿ ಗೋಡೆಗೆ ಹೊಂದಿಸಿ ಕಟ್ಟಿದ ಒಲೆ, ಅದರ ಮೇಲೆ ತಾಮ್ರದ ಹಂಡೆ ಇನ್ನೂ ಇದ್ದವು. ಗೀಜರ್ ಬಂದ ಮೇಲೆ ಹಂಡೆಯೊಳಗೆ ಹಳೆಯ ಬಟ್ಟೆ, ಒಲೆಯೊಳಗೆ ಹಳೆಯ ಚಪ್ಪಲಿ ಸೇರಿಕೊಂಡಿದ್ದವು. ನನ್ನ ಘೋಷಣೆ ಕೇಳಿ ಅಮ್ಮ ಮಜ್ಜಿಗೆ ಲೋಟ ಕೆಳಗಿಟ್ಟಳು.

"ಮೂವತ್ತು ವರ್ಷ ಆ ಒಲೆ ಊದಿದೀನಿ. ಗೀಜರ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದ್ದೆ, ಗೊತ್ತಾ? ನಿನಗೆ ಊದೋ ಆಸೆ ಇದ್ರೆ ಊದಪ್ಪ. ನನ್ನನ್ನ ಮಾತ್ರ ಕರೀಬೇಡ."

ಒಲೆಯಿಂದ ಚಪ್ಪಲಿ ತೆಗೆದು ಹಂಡೆಗೆ ನೀರು ತುಂಬಿಸಿದೆ. ತಳದಲ್ಲಿ ಸೂಜಿಮೊನೆಯಷ್ಟು ತೂತು. ಹಂಡೆಯನ್ನು ಒಲೆಯಿಂದ ಬಿಡಿಸಲು ಗಾರೆಯವರು ಬಂದರು. ಅದನ್ನು ಆಟೋದಲ್ಲಿ ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಚಿಕ್ಕಪೇಟೆಯ ಹಿಂದಿನ ಒಂದು ಗಲ್ಲಿಗೆ ಹೋದೆ. ಪಾತ್ರೆ ಬೆಸೆಯುವ ಒಬ್ಬ ಮುದುಕ ಅಲ್ಲಿದ್ದ. "ಮದುವೆ ಮನೆನಾ ಸಾರ್?" ಅಂತ ಆಟೋದವನು ಕೇಳಿದ. "ಇಲ್ಲ, ಸ್ನಾನಕ್ಕೆ" ಅಂದೆ. ಅವನು ಕನ್ನಡಿಯಲ್ಲಿ ನನ್ನನ್ನು ಇನ್ನೊಮ್ಮೆ ನೋಡಿದ. ಬೆಸುಗೆ, ಮತ್ತೆ ಗಾರೆ, ಹೊಗೆಗೂಡಿನ ಒಡೆದ ಕೊಳವೆಗೆ ಹೊಸ ಕೊಳವೆ, ತಿಕ್ಕಲು ಎರಡು ಕೇಜಿ ಹುಣಸೆಹಣ್ಣು. ಒಟ್ಟು ಎಷ್ಟು ಖರ್ಚಾಯಿತು ಅಂತ ಹೆಂಡತಿ ಕೇಳಲೇ ಇಲ್ಲ. ಕೇಳಿದ್ದರೆ ಹೇಳಲು ಒಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅದು ಹಾಗೇ ಉಳಿಯಿತು.

ಮೊದಲ ದಿನ ಬೆಂಕಿ ಹೊತ್ತಿಸಲು ಮುಕ್ಕಾಲು ಗಂಟೆ ಹಿಡಿಯಿತು. ಊದುಗೊಳವೆಯಿಂದ ಊದಬೇಕಾದವನು ಒಮ್ಮೆ ಗೊತ್ತಿಲ್ಲದೆ ಒಳಗೆಳೆದುಕೊಂಡು, ಗೋಡೆ ಹಿಡಿದುಕೊಂಡು ನಿಂತೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದವಳು, ಕರೆಯಬೇಡ ಅಂದಿದ್ದರೂ ತಾನೇ ಕೂಗಿ ಹೇಳಿದಳು: "ನಾರು ಕೆಳಗಿಡೋ, ಚಿಪ್ಪು ಮೇಲಿಡು!" ಕೊನೆಗೆ ನೀರು ಕಾಯಿತು. ತಾಮ್ರದ ಹಂಡೆಯ ನೀರು, ಹೊಗೆಯ ಸಣ್ಣ ವಾಸನೆ, ತಂಬಿಗೆಯಿಂದ ಮೊಗೆದು ಮೊಗೆದು ಸುರಿದುಕೊಳ್ಳುವ ಸುಖ. ನಾನು ಸ್ನಾನ ಮುಗಿಸಿ ಬಂದು, "ಇದಪ್ಪ ಸ್ನಾನ ಅಂದ್ರೆ" ಅಂದೆ. ಮಗಳು ಸಂಜೆ ಕಾಲೇಜಿನಿಂದ ಬಂದವಳು ಬ್ಯಾಗು ಎಸೆದಳು. "ಮನೇಲಿ ಹೋಮ ಇತ್ತಾ ಅಂತ ನಾಲ್ಕು ಜನ ಕೇಳಿದ್ರು ನನ್ನ. ನಾಳೆಯಿಂದ ನಂಗೆ ತಣ್ಣೀರೇ ಸಾಕು." ನನಗೆ ಅದೂ ಉಳಿತಾಯವಾಗಿಯೇ ಕಂಡಿತು.

ಇನ್ನು ಉರುವಲು. ಅಡುಗೆಮನೆಯಲ್ಲಿದ್ದ ತೆಂಗಿನ ಚಿಪ್ಪು, ನಾರು ಎರಡು ದಿನಕ್ಕೆ ಖಾಲಿಯಾಯಿತು. ಸೌದೆ ಕೊಂಡರೆ ಉಳಿತಾಯದ ಅರ್ಥವೇ ಹೋಯಿತು. ಆದರೆ ನಮ್ಮ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ ಇನ್ನೂ ತೆಂಗಿನ ಮರಗಳಿವೆ. ಅವುಗಳ ಒಣಗರಿ ದಿನಾ ಎಲ್ಲಾದರೂ ಒಂದು ಕಡೆ ರಸ್ತೆಗೆ ಬಿದ್ದಿರುತ್ತದೆ. ಇಷ್ಟು ವರ್ಷ ದಾಟಿಕೊಂಡು ಹೋಗುತ್ತಿದ್ದ ನನಗೆ ಈಗ ಅದು ಬಿದ್ದಿರುವ ದುಡ್ಡಿನ ಹಾಗೆ ಕಾಣತೊಡಗಿತು.

ಬೆಳಗಿನ ವಾಕಿಂಗಿಗೆ ಹೋಗುವಾಗ ಒಂದು ಚೀಲ ಜೊತೆಯಾಯಿತು. ಮೊದಲು ಕೈಯಲ್ಲಿ ಹಿಡಿಯುವಷ್ಟು ಚಿಪ್ಪು, ನಾರು. ಆಮೇಲೆ ಹೊಂಬಾಳೆ. ಆಮೇಲೆ ಇಡೀ ಗರಿ. ಗರಿಯನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲ, ಎಳೆದುಕೊಂಡೇ ಹೋಗಬೇಕು. ಅದು ಡಾಂಬರಿನ ಮೇಲೆ ಸರಸರ ಅಂತ ಇಡೀ ಬೀದಿಗೆ ಕೇಳುವ ಹಾಗೆ ಸದ್ದು ಮಾಡುತ್ತದೆ. ಶೂ, ಟ್ರ್ಯಾಕ್ ಪ್ಯಾಂಟು, ಹಿಂದೆ ಆಳೆತ್ತರದ ಒಣಗರಿ. ಹೀಗೆ ಬಸವನಗುಡಿ ಕಡೆಯಿಂದ ಬರುವಾಗ ಒಂದು ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿದ.

"ಸಾರ್! ಏನ್ ಸಾರ್ ಇದು?"

"ಒಂದು ಪ್ರಾಜೆಕ್ಟು" ಅಂದೆ.

"ಓ, ಎನ್ವಿರಾನ್ಮೆಂಟಾ ಸಾರ್?" ಅಂದ. ಹೌದು ಅಂದೆ. ಅವನು ಫೋಟೋ ತೆಗೆದುಕೊಂಡ.

ಎಳನೀರು ಮಾರುವವರ ಹತ್ತಿರ ಬುರುಡೆ ಬೇಡಿ ತಂದು ತಾರಸಿಯ ಮೇಲೆ ಒಣಗಲು ಹರವಿದೆ. ಕಾಲಿಡಲು ಜಾಗವಿಲ್ಲದಂತಾದಾಗ ಬಟ್ಟೆ ಒಣಹಾಕುವ ತಂತಿ ಮನೆಯ ಒಳಗೆ ಬಂತು. ಹೆಂಡತಿ ಆಫೀಸಿಗೆ ಹೊರಡುವಾಗ ಹಜಾರದಲ್ಲಿ ನೇತಾಡುವ ನನ್ನ ಬನಿಯನ್ನುಗಳ ಕೆಳಗೆ ಬಗ್ಗಿಕೊಂಡು ಹೋಗುತ್ತಿದ್ದಳು. ಏನೂ ಅನ್ನುತ್ತಿರಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷಕ್ಕೂ ಮೇಲಾದರೂ ಅವಳು ಸುಮ್ಮನಿರುವುದು ಒಪ್ಪಿಗೆಯಲ್ಲ ಅನ್ನುವುದನ್ನು ನಾನಿನ್ನೂ ಕಲಿತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ನಮ್ಮ ದೊಡ್ಡಪ್ಪನ ಮಗ ಬಂದ. ನನಗಿಂತ ಹತ್ತು ವರ್ಷ ದೊಡ್ಡವನು, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಸಾಮಾನ್ಯವಾಗಿ ಹಬ್ಬಕ್ಕೆ ಕರೆದರೂ ಬರದವನು ಕರೆಯದೆ ಬಂದಿದ್ದ. ಜೊತೆಗೆ ಒಂದು ಮೂಟೆ ಅಕ್ಕಿ ತಂದು ಬಾಗಿಲ ಪಕ್ಕ ಇಳಿಸಿದ. ಕಾಫಿ ಕುಡಿದ. ಗಂಟಲು ಸರಿಮಾಡಿಕೊಂಡ. ಮಗಳನ್ನು ಒಳಗೆ ಕಳಿಸು ಅನ್ನುವಂತೆ ಸನ್ನೆ ಮಾಡಿದ.

"ಕಾಲೇಜು ಹೆಂಗಿದೆ?"

"ಚೆನ್ನಾಗಿದೆ ಅಣ್ಣ."

"ಅಂದ್ರೆ, ಇನ್ನೂ ಹೋಗ್ತಿದೀಯ ತಾನೆ?"

"ಇನ್ನೇನು ಹೋಗ್ದೆ?"

ಅವನು ನನ್ನ ಮಂಡಿಯ ಮೇಲೆ ಕೈಯಿಟ್ಟ. "ನೋಡು, ನನ್ನ ಹತ್ರ ಮುಚ್ಚಿಡಬೇಡ. ನಮ್ ಅಂಗಡಿಗೆ ಬರೋರೊಬ್ರು ನಿನ್ನ ನೋಡಿದಾರೆ. ಬೀದೀಲಿ ಸೌದೆ ಆಯ್ತಾ ಇದ್ದೆಯಂತೆ. ಇದರಲ್ಲಿ ನಾಚಿಕೆ ಏನೂ ಇಲ್ಲ. ಈಗಿನ ಕಾಲದಲ್ಲಿ ಯಾರ ಕೆಲಸ ಯಾವಾಗ ಹೋಗುತ್ತೋ. ಸಂಜೆ ಹೊತ್ತು ಅಂಗಡಿಗೆ ಬಂದ್ಬಿಡು. ಕೌಂಟರಲ್ಲಿ ಕೂತ್ಕೊ, ಬಿಲ್ ಬರಿ. ನಮ್ಮೋರೇ ಒಬ್ರು ಇದ್ರೆ ನನಗೂ ಧೈರ್ಯ."

ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಮ್ಮನ ನಗು ಕೇಳಿಸಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅದು ಹೊರಗೆ ಅಳುವಿನ ಹಾಗೆ ಕೇಳುತ್ತಿತ್ತು. ಅಣ್ಣನ ಕಣ್ಣಲ್ಲೂ ನೀರು ಬಂತು. "ಚಿಕ್ಕಮ್ಮ, ಅಳಬೇಡಿ. ನಾನಿದೀನಿ" ಅಂತ ಕೂಗಿ ಹೇಳಿದ. ಆಮೇಲೆ ನಿಜ ತಿಳಿದಾಗ ಅವನ ಮುಖದಲ್ಲಿ ಮರುಕ ಹೋಗಿ ಬೇರೇನೋ ಬಂತು. ಮರುಕವೇ ವಾಸಿಯಿತ್ತು. ಹೊರಡುವಾಗ ನಾನು ಅಕ್ಕಿ ಮೂಟೆ ವಾಪಸು ಕೊಡಲು ಹೋದೆ. ಹೆಂಡತಿ ಮುಂದೆ ಬಂದು, "ಇರ್ಲಿ ಬಿಡಿ ಭಾವ. ಇವರು ಇನ್ನೂ ಎರಡು ತಿಂಗಳು ಹೀಗೇ ಉಳಿತಾಯ ಮಾಡಿದ್ರೆ ಬೇಕಾಗುತ್ತೆ" ಅಂದು ಮೂಟೆಯನ್ನು ಒಳಗೆಳೆದುಕೊಂಡಳು.

ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಕಲಿತ ಪಾಠ ಬೇರೆ: ಯಾರಿಗೂ ಕಾಣದ ಹಾಗೆ ಹೋಗಬೇಕು. ಐದು ಗಂಟೆಗೆ ಅಲಾರಂ ಇಟ್ಟೆ. ಮಂಕಿ ಕ್ಯಾಪ್ ಹಾಕಿಕೊಂಡು, ಶಾಲು ಸುತ್ತಿಕೊಂಡು, ಬೀದಿದೀಪದ ಬೆಳಕು ತಪ್ಪಿಸಿಕೊಂಡು ನಡೆಯುತ್ತಿದ್ದೆ. ಇದರಿಂದ ಒಂದು ದೊಡ್ಡ ಲಾಭವಾಯಿತು. ಬೀದಿ ಗುಡಿಸುವವರು ಬರುವ ಮುಂಚೆಯೇ ನಾನು ಬರುತ್ತಿದ್ದೆನಾದ್ದರಿಂದ ರಾತ್ರಿ ಬಿದ್ದ ಗರಿಯೆಲ್ಲ ನನ್ನದೇ. ಅಷ್ಟೇ ಅಲ್ಲ, ಜನವರಿಯ ಹೊತ್ತಿಗೆ ನನ್ನ ಅದೃಷ್ಟವೂ ತೆರೆಯಿತು. ದಿನಬಿಟ್ಟು ದಿನ ನಮ್ಮ ಗೇಟಿನ ಪಕ್ಕದ ಗೋಡೆಗೆ ಒಂದು ಕಟ್ಟು ಒರಗಿರುತ್ತಿತ್ತು. ಚೆನ್ನಾಗಿ ಒಣಗಿದ ಗರಿ, ಎಲೆ ಸವರಿ, ಒಂದೇ ಅಳತೆಗೆ ಮುರಿದು, ನಾರಿನಲ್ಲಿ ಬಿಗಿದದ್ದು. ಯಾರೋ ಹಿತ್ತಲು ಚೊಕ್ಕಟ ಮಾಡಿ ಎಸೆದಿರಬೇಕು ಅಂದುಕೊಂಡೆ. ಹೆಂಡತಿಗೆ, "ನೋಡು, ಹುಡುಕೋನಿಗೆ ತಾನಾಗೇ ಸಿಗುತ್ತೆ" ಅಂತಲೂ ಹೇಳಿದೆ.

ಫೆಬ್ರವರಿಯ ಒಂದು ಶನಿವಾರ ಏಳುವುದು ತಡವಾಯಿತು. ಗೇಟು ತೆಗೆದರೆ, ನಮ್ಮ ಬೀದಿ ಗುಡಿಸುವ ಹೆಂಗಸು ಗೋಡೆಗೆ ಕಟ್ಟು ಒರಗಿಸುತ್ತಿದ್ದರು. ಐವತ್ತು ದಾಟಿದವರು, ಸೀರೆಯ ಮೇಲೆ ಸಮವಸ್ತ್ರದ ಕೋಟು, ತಲೆಗೆ ಟವೆಲು. ದಿನಾ ನಾನು ಗರಿ ಎಳೆದುಕೊಂಡು ವಾಪಸು ಬರುವ ಹೊತ್ತಿಗೆ ಎದುರಾಗಿ ಒಂದು ಸಣ್ಣ ನಗು ನಗುತ್ತಿದ್ದರು. ನನ್ನ ಶ್ರಮ ನೋಡಿ ಮೆಚ್ಚಿಕೊಂಡಿದ್ದಾರೆ ಅಂತ ನಾನು ತಿಳಿದಿದ್ದೆ.

"ಓ, ಇಡ್ತಿದ್ದಿದ್ದು ನೀವಾ? ತುಂಬಾ ಥ್ಯಾಂಕ್ಸಮ್ಮ" ಅಂದು, ಜೇಬಿಗೆ ಕೈಹಾಕಿ ಐವತ್ತರ ನೋಟು ತೆಗೆದೆ. ಆ ಹೊತ್ತಿನಲ್ಲಿ ನನಗೆ ನನ್ನ ಔದಾರ್ಯದ ಮೇಲೆ ಬಹಳ ಅಭಿಮಾನವಿತ್ತು.

ಆಕೆ ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ಸಾರ್, ಇಟ್ಕೊಳಿ. ನೀವೇ ಕಷ್ಟದಲ್ಲಿದೀರ."

"ಕಷ್ಟನಾ? ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು ಸಾರ್, ನೋಡಿದ್ರೆ ಗೊತ್ತಾಗಲ್ವಾ? ಕತ್ಲಲ್ಲಿ ಬರ್ತೀರ, ಮುಖ ಮುಚ್ಕೊಂಡಿರ್ತೀರ. ಮಾನಸ್ತರು, ಯಾರ್ನೂ ಕೇಳಕ್ಕಾಗಲ್ಲ. ಕೆಲಸ ಹೋಗಿರ್ಬೇಕು ಅಂತ ನಾವೆಲ್ಲ ಮಾತಾಡ್ಕೊಂಡ್ವಿ. ಅದ್ಕೇ ಗುಡಿಸ್ವಾಗ ಸಿಕ್ಕಿದ್ದನ್ನ ನಿಮ್ಗೇ ಇಡ್ತಿದ್ದೆ."

ನೋಟನ್ನು ಮಡಚಿ ವಾಪಸು ಜೇಬಿಗಿಟ್ಟೆ. ಏನಾದರೂ ಕೇಳಬೇಕಲ್ಲ ಅಂತ ಕೇಳಿದೆ: "ಇದಕ್ಕೆ ಮುಂಚೆ ಈ ಗರಿಯೆಲ್ಲ ಏನ್ ಮಾಡ್ತಿದ್ರಿ?"

"ಮನೆಗೆ ತಗೊಂಡೋಗ್ತಿದ್ದೆ ಸಾರ್. ಗ್ಯಾಸು ಅಡುಗೆಗೇ ಸಾಲಲ್ಲ. ಸ್ನಾನದ ನೀರು ಇದ್ರಲ್ಲೇ."

"ಮತ್ತೆ ಈ ಚಳಿಗಾಲದಲ್ಲಿ?"

"ಈಗೇನ್ ಬಿಡಿ ಸಾರ್, ಚಳಿ ಕಳೀತಲ್ಲ" ಅಂದರು.

ನಾನು ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದೆ. ಮೂರು ತಿಂಗಳು ಆಕೆಯ ಬಿಸಿನೀರನ್ನು ನಾನು ಸುರಿದುಕೊಂಡಿದ್ದೆ. ಮೊದಲು ಕದ್ದು, ಆಮೇಲೆ ದಾನವಾಗಿ ತೆಗೆದುಕೊಂಡು. ಅದರ ಮೇಲೆ "ಇದಪ್ಪ ಸ್ನಾನ" ಅಂತ ಬೇರೆ ಅಂದಿದ್ದೆ. ಸುಮ್ಮನೆ ಒಳಗೆ ಹೋಗಿಬಿಡಬಹುದಿತ್ತು. ಯಾಕೋ ಬಾಯಿಗೆ ನಿಜವೇ ಬಂತು.

"ನನ್ನ ಕೆಲಸ ಹೋಗಿಲ್ಲಮ್ಮ. ಮನೇಲಿ ಗೀಜರೂ ಇದೆ."

"ಕೆಟ್ಟೋಗಿದ್ಯಾ?"

"ಇಲ್ಲ. ಚೆನ್ನಾಗಿದೆ."

"ಮತ್ಯಾಕ್ ಸಾರ್?"

"ಕರೆಂಟ್ ಬಿಲ್ಲು... ಪಕ್ಕದ ಮನೆಯವರಿಗೆ ಸೊನ್ನೆ ಬಂದಿತ್ತು..."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಒಂದು ಗಳಿಗೆ ನನ್ನನ್ನೇ ನೋಡಿ, ಆಮೇಲೆ ನಗಲು ಶುರುಮಾಡಿದರು. ಪೊರಕೆ ಕೆಳಗೆ ಬಿತ್ತು. ಗೋಡೆಗೆ ಒರಗಿಕೊಂಡು ನಕ್ಕರು. ಬೀದಿಯ ಆ ತುದಿಯಲ್ಲಿ ಗುಡಿಸುತ್ತಿದ್ದ ಜೊತೆಯವಳನ್ನು ಕೂಗಿ, "ಏಯ್, ಬಾರೇ ಇಲ್ಲಿ, ಸಾರ್‌ದು ಕೆಲಸ ಹೋಗಿಲ್ವಂತೆ!" ಅಂದರು. ಅವಳೂ ಬಂದಳು. ಪಕ್ಕದ ಮನೆಯ ಕಿಟಕಿಯೂ ತೆರೆಯಿತು.

ಒಳಗೆ ಬಂದು ಎಲ್ಲವನ್ನೂ ಹೇಳಿದೆ. ಹೆಂಡತಿ ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. ಅಮ್ಮನೂ ನಗಲಿಲ್ಲ. ಅಮ್ಮ ಹೇಳಿದ್ದು ಒಂದೇ ಮಾತು: "ತಾರಸಿ ಮೇಲಿರೋದೆಲ್ಲ ಇವತ್ತೇ ಇಳಿಸು. ನೀನೇ ಇಳಿಸು."

ಏಳು ಮೂಟೆಯಾಯಿತು. ಕಟ್ಟುಗಳು ಬೇರೆ. ಮೂಟೆಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಯುವಾಗ ಮಗಳು ಕೆಳಗೆ ನಿಂತು ಎಣಿಸುತ್ತಿದ್ದಳು. ಮೂರನೆಯದಕ್ಕೆ ಅವಳೇ ಬಂದು ಒಂದು ತುದಿ ಹಿಡಿದಳು. ಮಧ್ಯಾಹ್ನ ಸಾಮಾನಿನ ಆಟೋ ಮಾಡಿಕೊಂಡು, ಆಕೆ ಹೇಳಿದ ವಿಳಾಸ ಹುಡುಕಿಕೊಂಡು ಮೈಸೂರು ರಸ್ತೆ ಕಡೆ ಹೋದೆ. ಗಲ್ಲಿಯ ಬಾಯಲ್ಲೇ ನಲ್ಲಿಯ ಹತ್ತಿರ ಕೂತಿದ್ದ ಇಬ್ಬರು ಹೆಂಗಸರು ನನ್ನನ್ನು ನೋಡಿ ಪಿಸುಗುಟ್ಟಿ ನಕ್ಕರು. ಸುದ್ದಿ ನನಗಿಂತ ಮುಂಚೆ ಬಂದು ತಲುಪಿತ್ತು. ಆಕೆಯ ಮನೆ ಒಂದು ಕೋಣೆಯದು. ಬಾಗಿಲ ಹೊರಗೆ ಮೂರು ಕಲ್ಲಿನ ಒಲೆ, ಮೇಲೆ ಒಂದು ಸೊಟ್ಟ ಅಲ್ಯೂಮಿನಿಯಂ ಪಾತ್ರೆ. ಒಲೆಯಲ್ಲಿ ಬೂದಿ ಇರಲಿಲ್ಲ. ಮೂಟೆಗಳನ್ನು ಇಳಿಸಿದ ಮೇಲೆ, "ಇಷ್ಟೊಂದು ಇಡಕ್ಕೆ ಜಾಗ ಎಲ್ಲಿದೆ ಸಾರ್" ಅಂದು ನಾಲ್ಕು ಮನೆಗೆ ಹಂಚಿದರು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಟೀ ಕೊಟ್ಟರು. ಬಿಸಿಯಾಗಿತ್ತು, ಸಕ್ಕರೆ ಜಾಸ್ತಿಯಿತ್ತು. ಪೂರ್ತಿ ಕುಡಿದೆ.

ಹೊರಡುವಾಗ ಆಕೆಯ ಹೆಸರು ಕೇಳಿದೆ. ಹನ್ನೆರಡು ವರ್ಷದಿಂದ ನಮ್ಮ ಬೀದಿ ಗುಡಿಸುತ್ತಿದ್ದರು ಅಂತ ಗೊತ್ತಾಗಿದ್ದೂ ಆವಾಗಲೇ.

ಮರುದಿನ ಗೀಜರ್ ಹಾಕಿದೆ. ಎಂದಿನಂತೆ ಪೇಪರ್ ಹಿಡಿದು ಜಗಲಿಯಲ್ಲಿ ಕೂತೆ. ಮುಖಪುಟ, ಸಂಪಾದಕೀಯ, ಆಟೋಟ ಮುಗಿಸಿ ಏಳುವ ಹೊತ್ತಿಗೆ ಹೆಂಡತಿ ಎದುರು ನಿಂತಿದ್ದಳು.

"ಒಂದು ಗಂಟೆ ಹತ್ತು ನಿಮಿಷ" ಅಂದಳು.

"ಏನು?"

"ಗೀಜರ್. ದಿನಾ ನೀವು ಹಾಕಿ ಪೇಪರ್ ಓದಕ್ಕೆ ಕೂರ್ತೀರ. ನಾನು ಆರ್ಸೋವರೆಗೂ ಅದು ಉರೀತಾನೇ ಇರುತ್ತೆ. ಬಿಲ್ ಬಂದ ದಿನಾನೇ ಹೇಳಿದೆ. ನಿಮ್ಮ ಕಿವಿಗೆ ಬೀಳ್ಲಿಲ್ಲ."

"ಮತ್ತೆ ಮೂರು ತಿಂಗಳು ಯಾಕೆ ಸುಮ್ನಿದ್ದೆ?"

"ಬೆಳಿಗ್ಗೆ ಐದಕ್ಕೆ ಎದ್ದು ವ್ಯಾಯಾಮ ಮಾಡ್ತಿದ್ರಲ್ಲ. ಡಾಕ್ಟರು ಎಷ್ಟು ವರ್ಷದಿಂದ ಹೇಳ್ತಿದ್ರು."

ಈಗ ಗೀಜರಿನ ಸ್ವಿಚ್ಚು ಮಗಳ ಅಧೀನದಲ್ಲಿದೆ. ಹತ್ತು ನಿಮಿಷ ಹಾಕುತ್ತಾಳೆ, ಆರಿಸಿ ನನ್ನನ್ನು ಕೂಗುತ್ತಾಳೆ. ತಡಮಾಡಿದರೆ ನೀರು ಆರುತ್ತದೆ, ಆರಿದ್ದರಲ್ಲೇ ಸ್ನಾನ. ಬಿಲ್ಲು ಇಳಿದಿದೆ. ಹಂಡೆ ಬಿಡಿಸಿ ಜೋಡಿಸಿದ ಖರ್ಚು ಹುಟ್ಟಲು ಇನ್ನೂ ಕೆಲವು ವರ್ಷ ಬೇಕು ಅಂತ ಕಾಣುತ್ತದೆ. ಲೆಕ್ಕ ಹಾಕಿಲ್ಲ.

ಆ ಯುಗಾದಿಗೆ ಅಮ್ಮ ಆಕೆಯನ್ನು ಕರೆದು ಜಗಲಿಯಲ್ಲಿ ಕೂರಿಸಿಕೊಂಡು ಹೋಳಿಗೆ ಕೊಟ್ಟಳು. ಇಬ್ಬರೂ ಒಲೆ ಊದುವ ಕಷ್ಟ, ಹೊಗೆ, ಕಣ್ಣಿನ ಪೊರೆಯ ಬಗ್ಗೆ ಒಂದು ಗಂಟೆ ಮಾತಾಡಿದರು. ನಾನು ಕಾಫಿ ತಂದಿಟ್ಟೆ. ನನ್ನ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ವಾಕಿಂಗಿಗೆ ಈಗಲೂ ಹೋಗುತ್ತೇನೆ, ಬೆಳಕು ಹರಿದ ಮೇಲೆ. ದಾರಿಯಲ್ಲಿ ಗರಿ ಬಿದ್ದಿದ್ದರೆ ವಾಹನಗಳಿಗೆ ಸಿಕ್ಕಿ ಪುಡಿಯಾಗದ ಹಾಗೆ ಎಳೆದು ಗೋಡೆಯ ಪಕ್ಕ ಇಡುತ್ತೇನೆ. ಮೊನ್ನೆ ಹಾಗೆ ಎಳೆಯುತ್ತಿದ್ದಾಗ ಹಿಂದಿನಿಂದ ಆಕೆಯ ದನಿ ಬಂತು.

"ತುದಿ ಹಿಡೀಬಾರ್ದು ಸಾರ್, ಹರಿದೋಗ್ತದೆ. ಬುಡ ಹಿಡ್ಕೊಳಿ. ಹಾಂ, ಹಂಗೆ. ಮೂರ್ ತಿಂಗ್ಳು ಎಳೆದ್ರಿ, ಇನ್ನೂ ಕಲೀಲಿಲ್ವಲ್ಲ ಸಾರ್ ನೀವು."